ನೂರರಲ್ಲಿ ಹತ್ತೊಂಬತ್ತು

ಭಾನುವಾರವೆಂದು ಇವಕ್ಕೆ ಗೊತ್ತಿಲ್ಲ.
ಲುಂಡ್ ಊರು ಇನ್ನೂ ಮಲಗಿದೆ, ಸೈಕಲ್ ಸೀಟುಗಳ ಮೇಲೆ
ಬೆರಳುದ್ದ ಹಿಮ; ಬಾಗಿಲಿಗೆ ಕಾರ್ಡು ತೋರಿಸಿ
ಮೂವತ್ತೇಳು ಡಿಗ್ರಿಯ ಪೆಟ್ಟಿಗೆ ತೆರೆಯುತ್ತೇನೆ.
ಹಳೆಯ ರಸ ಹೀರಿ ತೆಗೆದು ಹೊಸ ರಸ,
ಲಿಂಗನ್‌ಬೆರಿ ತೊಳೆದ ನೀರಿನ ಬಣ್ಣದ್ದು,
ಗೋಡೆಗುಂಟ ಹನಿಹನಿಯಾಗಿ ಜಾರಿಸಬೇಕು,
ಮೇಲಿಂದ ಸುರಿದರೆ ಕಿತ್ತು ಬರುತ್ತವೆ.
ಹದಿನಾರನೆಯ ದಿನ. ಇನ್ನೂ ನರವಲ್ಲ,
ನರವಾಗುವ ಮನಸ್ಸು ಮಾಡಿದ ಕೋಶ, ಅಷ್ಟೇ.

ಬೆಳೆಸುವುದು ಕಷ್ಟವಲ್ಲ. ಸಾಯದಂತೆ ಸಾಗಿಸುವುದು ಕಷ್ಟ.
ಸೂಜಿಯ ಕೊರಳಲ್ಲಿ ಕೆಲವು ಜಜ್ಜಿಹೋಗುತ್ತವೆ,
ಕೆಲವು ಹೊಸ ಮನೆಯ ಕತ್ತಲಿಗೆ ಉಸಿರುಗಟ್ಟಿ,
ಕೆಲವು ಯಾಕೆಂದು ಹೇಳದೆಯೇ.
ಇಲಿಯ ಮಿದುಳಿನ ತೆಳ್ಳನೆಯ ಸೀಳುಗಳಲ್ಲಿ
ಬದುಕಿದ್ದವನ್ನು ಎಣಿಸುವುದು ನನ್ನ ಸಂಬಳದ ಕೆಲಸ.
ಹೋದ ವರ್ಷ ನೂರಕ್ಕೆ ಹತ್ತು.
ಮಾರ್ಚಿನಲ್ಲಿ, ಸೂಜಿ ಬದಲಿಸಿ, ತಳ್ಳುವ ವೇಗ ಅರ್ಧ ಮಾಡಿ,
ಜೊತೆಗೊಂದು ಪ್ರೋಟೀನಿನ ಬುತ್ತಿ ಕಟ್ಟಿ ಕಳಿಸಿದ ಮೇಲೆ
ಹತ್ತೊಂಬತ್ತು.
ಎರಡು ಸಲ ಎಣಿಸಿದೆ. ಆಮೇಲೆ ಹಿಲ್ಲೆವಿ ಎಣಿಸಿದಳು.
ಆ ಒಂಬತ್ತರ ಹಬ್ಬಕ್ಕೆ ಏಲಕ್ಕಿ ಬನ್ನು ತಂದೆವು.
ಸತ್ತ ಎಂಬತ್ತೊಂದರ ಮಾತು ಯಾರೂ ಎತ್ತಲಿಲ್ಲ.

ರೋಗಿಗಳು ನಮಗೆ ಬರೀ ಅಂಕಿ. ನಾಲ್ಕನೆಯವರು ಮಾತ್ರ
ನೋಡಲೇಬೇಕೆಂದು ಹಟ ಹಿಡಿದು ಬಂದರು:
ಸಿಕ್ಸ್ಟನ್ ಬ್ರೂಲಿನ್, ಕಿವಿಕ್ ಕಡಲಂಚಿನ ಸೇಬುತೋಟದವರು.
ಸಂದರ್ಶಕರ ಪುಸ್ತಕದಲ್ಲಿ ಅವರ ಸಹಿ
ಮೊದಲಕ್ಷರ ದೊಡ್ಡದು, ಆಮೇಲೆ ಕುಗ್ಗುತ್ತ ಕುಗ್ಗುತ್ತ
ಕಡೆಗೆ ಇರುವೆಸಾಲು ಗೂಡು ಹೊಕ್ಕ ಹಾಗೆ.
ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವಷ್ಟು ತಲೆ ನಿಲ್ಲಲಿಲ್ಲ;
ಹಿಲ್ಲೆವಿ ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದಳು.
ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:
"ಗಾಯ ಹಸಿಯಿರುವಾಗಲೇ ಕೂಡಿಸುತ್ತೀರಾ?
ಬಿಗಿಯಾಗಿ ಕಟ್ಟುತ್ತೀರಾ? ಗಾಳಿ ತಾಗದ ಹಾಗೆ?"
ಕಟ್ಟುವುದಕ್ಕಾಗುವುದಿಲ್ಲ ಅಂದೆ.
"ಹಾಗಾದರೆ ಹತ್ತೊಂಬತ್ತು ಚಿಗುರುವುದು
ಸಾಮಾನ್ಯವಲ್ಲ ಕಣಮ್ಮಾ," ಅಂದರು,
ನಲವತ್ತು ವರ್ಷ ಟೊಂಗೆಗೆ ಟೊಂಗೆ ಕಸಿ ಕಟ್ಟಿದ ಮನುಷ್ಯ,
ಆ ಕೈಗಳನ್ನೇ ಏನೋ ಕಸಿದುಕೊಂಡಿದ್ದರೂ.

ತಲೆಗೆ ಚೌಕಟ್ಟು ತಿರುಪಿದ ದಿನ ನಾನು ಹೊರಗೆ
ಖಾಲಿ ನಳಿಗೆ ಹಿಡಿದು ನಿಂತಿದ್ದೆ.
ಒಳಗಿನ ಎಣಿಕೆ ನನಗೆ ಸಿಗುವುದಿಲ್ಲ;
ಸೀಳಿ ನೋಡುವ ದಿನ ಬೇಗ ಬಾರದಿರಲಿ.

ಹದಿನೇಳು ತಿಂಗಳು. ಸೆಪ್ಟೆಂಬರಿನಲ್ಲಿ ಒಂದು ಬುಟ್ಟಿ ಬಂತು,
ಹಿಂದೆಯೇ ಅವರು. ಅಂಗಿಯ ಗುಂಡಿ
ಮೇಲಿನದೊಂದು ಬಿಟ್ಟು ಎಲ್ಲ ತಾವೇ ಹಾಕಿದ್ದಂತೆ.
ಜೇಬಿನಿಂದ ಚಾಕು ತೆಗೆದರು. ನಾವು ಉಸಿರು ಹಿಡಿದೆವು.
ಸಿಪ್ಪೆ ಎರಡು ಸಲ ತುಂಡಾಯಿತು, ಮೂರನೆಯ ಸಲ
ಸುರುಳಿಸುರುಳಿಯಾಗಿ ಮೇಜಿನ ಮೇಲೆ ಇಳಿಯಿತು.
ಹೋಳನ್ನು ಮೂಗಿಗೆ ಹಿಡಿದರು. ಮತ್ತೆ ಹಿಡಿದರು.
ಕೈ ನಡುಗುವ ಹತ್ತು ವರ್ಷ ಮೊದಲೇ ಹೋದ ವಾಸನೆ,
ಅದು ನಮ್ಮ ಕೋಶಗಳ ಕೆಲಸದ ಪಟ್ಟಿಯಲ್ಲಿಲ್ಲ.
"ಹೇಗಿದೆ, ನೀನು ಹೇಳು," ಅಂದರು.
ಲೆಕ್ಕ ಬರೆಯುವವಳು ನಾನು. ಮೂಗಿಗೆ ಹಿಡಿದೆ.
"ಒದ್ದೆ ಹಲಗೆ," ಅಂದೆ. "ಸ್ವಲ್ಪ ಗುಲಾಬಿ..."
"ಹೂಂ, ಹೂಂ," ಕಣ್ಣು ಮುಚ್ಚಿದರು. "ಆಮೇಲೆ?"