ಕಾಲಂ ಹನ್ನೊಂದು

ಕ್ಯಾತಮಾರನಹಳ್ಳಿ, ನಲ್ಲಿ ಪಕ್ಕದ ಮನೆ.
‘ವಿಧವಾ ವೇತನ ಸಾಕಾಗುತ್ತದೆಯೇ?
ಹೌದು ಅಥವಾ ಇಲ್ಲ.’ ಓದಿದೆ.

ಊದುಬತ್ತಿ ಹೊಸೆಯುತ್ತಿದ್ದ ಕರಿ ಅಂಗೈ
ಸೆರಗಿಗೆ ಒರೆಸಿಕೊಂಡಳು.
‘ಅಕ್ಕಿ ಸೊಸೈಟೀದು, ಬರ್ಕೊ.
ದುಡ್ಡು ಬಂದ ದಿನವೇ ಬಾಡಿಗೆಯವನೂ ಬತ್ತಾನೆ,
ಇಬ್ರೂ ಒಂದೇ ಬಸ್ಸಲ್ಲಿ ಇಳಿದಂಗೆ.
ಬೀಪಿ ಮಾತ್ರೆ ದಿನ ಬಿಟ್ಟು ದಿನ,
ಡಾಕ್ಟ್ರಮ್ಮಂಗೆ ಹೇಳ್ಬೇಡ.
ನಮ್ಗೆ ಬಸ್ಸು ಬಿಟ್ಟಿ, ದಿಟ.
ನಂಜನಗೂಡಲ್ಲಿ ತಂಗಿ ಅವ್ಳೆ.
ಮಕ್ಕಳಿರೋ ಮನೆಗೆ ಬರಿಗೈಲಿ ಹೋಗಕಾಯ್ತದಾ?’

‘ಇಲ್ಲ ಅಂತ ಬರೀಲಾ?’
ಅವಳು ನನ್ನ ಪೆನ್ನಿನ ತುದಿ ನೋಡಿದಳು.
‘ಇಲ್ಲ ಅಂದ್ರೆ, ಇರೋದೂ ನಿಂತೋದ್ರೆ?’

ಕಾಲಂ ಖಾಲಿ ಬಿಟ್ಟೆ.
ಹೆಸರು ಕೇಳುವುದೇ ಮರೆತಿತ್ತು.
ಐದನೇ ಹೆಣ್ಣಂತೆ.
ತೊಟ್ಟಿಲಲ್ಲೇ ಅಪ್ಪ ಉತ್ತರ ಕೊಟ್ಟಿದ್ದನಂತೆ:
ಸಾಕಮ್ಮ.