ಮುನ್ನೂರ ಎಂಬತ್ತೇಳು

ಪ್ರವೇಶದ ಪುಸ್ತಕದಲ್ಲಿ ನನ್ನದೇ ಕೈಬರಹ:
ಅಪೋಂಡಿ, ಐನೂರಕ್ಕೆ ಮುನ್ನೂರ ಎಂಬತ್ತೇಳು.
ಪಕ್ಕದಲ್ಲಿ ಪೆನ್ಸಿಲಿನಲ್ಲಿ, 'ಡಾಕ್ಟರಾಗುತ್ತಾಳೆ'.
ಅಳಿಸಿಲ್ಲ ಇನ್ನೂ.

ಎರಡನೇ ವರ್ಷದ ಜೂನಿನಲ್ಲಿ
ಸರೋವರದ ದಡದಲ್ಲಿ ಕಂಡಳು,
ಹಳೇ ಬಲೆಯ ಮೇಲೆ ಒಮೆನಾ ಮೀನು ಹರವುತ್ತ,
ಬೆನ್ನಿಗೆ ಕಟ್ಟಿದ ಕೂಸು.
'ಟೀಚರ್' ಎಂದಳು. ಅಷ್ಟೇ.
ನಾನು ಮೀನಿನ ಬೆಲೆ ಕೇಳಿದೆ.

ಅಲುವೊಚ್‌ಗೆ ಬರೀ ಇನ್ನೂರ ಮೂವತ್ತೊಂದು.
ಆಗಲ್ಲ ಎಂದಿದ್ದೆ; ಅವಳಜ್ಜಿ
ಕಂಕುಳಲ್ಲಿ ಕೋಳಿ ಅವುಚಿಕೊಂಡು
ಮೂರು ದಿನ ನನ್ನ ಬಾಗಿಲಲ್ಲೇ ಕೂತಳು.
ಈಗ ಕಿಸುಮುವಿನಲ್ಲಿ ನರ್ಸು,
ನನ್ನ ಬಿಪಿ ನೋಡಿ
ಉಪ್ಪು ಬಿಡಿ ಎಂದು ಗದರುತ್ತಾಳೆ.

ಅಂಕ ಸುಳ್ಳಾಡಿರಲಿಲ್ಲ,
ಆ ಬೆಳಗಿನ ಮಟ್ಟಿಗೆ.
ಸಂಜೆ ನೀರಿಗೆ ಹೋಗುವವರು ಯಾರು
ಎಂದು ಪತ್ರಿಕೆಯಲ್ಲಿ ಕೇಳಿರಲಿಲ್ಲ.

ನಾಳೆ ಹೊಸ ಪಟ್ಟಿ ಬರುತ್ತದೆ.
ಪೆನ್ಸಿಲು ಹುಡುಕುತ್ತಿದ್ದೇನೆ.