ಬೆರಳಗಲ ಮಡಿಕಿ

ಇಪ್ಪತ್ತಾರು ಪಿನ್ನು. ಎಣಿಸೀನಿ.
ಸೊಲ್ಲಾಪುರದ ದೊಡ್ಡ ಡಾಕ್ಟರು ಹಾಕಿದ್ದು,
ಮಣಕಾಲಿನ ಮ್ಯಾಲಿಂದ ಕೆಳತನಕ ಒಂದಽ ಸೀಳು.
ಕೈ ಚಲೋ ಅದ ಅವರದು, ಸುಳ್ಳ್ಯಾಕ ಹೇಳಲಿ,
ಆದರ ಹದಿನೇಳರ ಹತ್ತಿರ ಗೆರಿ ಸ್ವಲ್ಪ ಬಾಗ್ಯಾದ.
ನನ್ನ ಕೈಯಾಗಿನ ಹುಡುಗಿ ಹಿಂಗ ಹೊಲದಿದ್ರ
ಬಿಚ್ಚು, ಮತ್ತ ಹಾಕು ಅಂತಿದ್ದೆ.
ಡಾಕ್ಟರಿಗೆ ಹೆಂಗ ಹೇಳೋದು?
ಹದಿನೈದನೇ ದಿನ ಅವನ್ನ ಕಿತ್ತು
ಸ್ಟೀಲಿನ ಬಟ್ಟಲದಾಗ ಟಣಕ್ ಟಣಕ್ ಒಗದ್ರು.
ಕೊಡ್ರಿ ಅಂದೆ. ನಕ್ಕರು, ಕೊಡಲಿಲ್ಲ.
ಟಾಚಣಿ ಯಾರರೆ ಚೆಲ್ಲತಾರೇನು?

ಮೈಂದರ್ಗ್ಯಾಗ, ಪಡಸಾಲ್ಯಾಗ ನನ್ನ ಕಾಟು.
ಎದುರಿಗೆ ಮಷಿನ್ನು.
ರಾತ್ರಿ ಅದಕ್ಕೂ ಹಳೇ ಚಾದರ ಹೊಚ್ಚಿ ದೀಪ ಆರಸತಾರ.
ಹನ್ನೊಂದಕ್ಕ ಗುಳಿಗಿ ಇಳೀತದ.
ಆಮ್ಯಾಲ ನಾವಿಬ್ಬರೂ ಎಚ್ಚರ.

ಪ್ರಾಜಕ್ತಾ ಅಂತ, ಫಿಜಿಯೋದ ಹುಡುಗಿ,
ಅಕ್ಕಲಕೋಟದಿಂದ ಸ್ಕೂಟಿ ಮ್ಯಾಲ ಬರತಾಳ.
"ಮಾವಶಿ, ವಾಕವಾ, ಅಜೂನ್ ವಾಕವಾ."
ಬಾಗಸ್ತೀನಿ. ಕಣ್ಣಾಗ ಬಿಸಿನೀರು.
"ಯವ್ವಾ" ಅಂತೀನಿ; ಅದಷ್ಟು ಕನ್ನಡ ಆಕಿಗೂ ತಿಳೀತದ.
ತೊಂಬತ್ತು ಡಿಗ್ರಿ ಆಗಬೇಕಂತ.
ತೊಂಬತ್ತು ನನಗೇನು ಹೊಸದಲ್ಲ,
ನಲವತ್ತು ವರ್ಷ ಕಿಸೆದ ಮೂಲಿ ಕತ್ತರಿಸೀನಿ.
ಅರಿವಿಗೆ ನೋವಿಲ್ಲ, ಅಷ್ಟಽ ಫರಕು.

ಆಕಿ ಹೋದ ಮ್ಯಾಲ ಖುರ್ಚಿ ಮ್ಯಾಲ ಕುಂತು
ಹಿಮ್ಮಡ ಹಿಂದಕ್ಕ ಜಗ್ಗತೀನಿ.
ಎಲ್ಲಿ ನಿಲ್ಲತದೋ ಅಲ್ಲಿ, ಶಹಾಬಾದಿ ಫರಸಿ ಮ್ಯಾಲ,
ಗುಲ್ಶಾದ ಹೊಲಿಗಿ ಖಡೂಲೆ ಗೀಟು ಹಾಕತಾಳ.
ಸೋಮವಾರದ್ದು. ಮಂಗಳವಾರದ್ದು.
ಬುಧವಾರದ್ದು ಸೋಮವಾರಕ್ಕಿಂತ ಕಡಿಮಿ ಬಿತ್ತು.
ಅಳಿಸಲೇನು ಅಂದಳು.
ಅಳತಿ ಅಂದ್ರ ಅಳತಿ, ಇರಲಿ ಅಂದೆ.
ಮೂವತ್ತಾರು ವರ್ಷ
ಕಸಬರಿಗಿ ಎಲ್ಲಿರತದಂತ ಕೇಳದಿದ್ದ ನಮ್ಮವರು
ಈಗ ಕಸ ಹೊಡೀತಾರ,
ಗೀಟಿನ ಜಾಗಾ ಬಿಟ್ಟು, ಸುತ್ತಲಿಂದ.

ಜೂನ್ ಬಂತು. ಸಾಲಿ ಬಟ್ಟಿ.
ಮರಾಠಿ ಸಾಲಿದು ನೂರಾ ಹದಿನಾಲ್ಕು ಜೋಡಿ,
ಕನ್ನಡ ಸಾಲಿದು ಇಪ್ಪತ್ತೊಂದು.
ಹೋದ ವರ್ಷ ಇಪ್ಪತ್ತೊಂಬತ್ತಿತ್ತು; ಅದನ್ನ ಬಿಡ್ರಿ.
ಗುಲ್ಶಾದ ಒಬ್ಬಾಕಿನಽ ತುಳೀತಾಳ,
ನಾನು ಕಾಟಿನ ಮ್ಯಾಲ ಗುಂಡಿ ಹಚ್ಚಿಕೋತ
ಸದ್ದಿನ ಮ್ಯಾಲೇ ಹೇಳತೀನಿ:
ದಾರ ಬಿಗಿ ಆತು, ಸೂಜಿ ಮೊಂಡ ಆತು,
ಈಗ ನಿನ್ನ ಲಕ್ಷ್ಯ ಬ್ಯಾರೆ ಕಡೆ ಅದ.

ಆರನೇ ವಾರ ಪ್ರಾಜಕ್ತಾ ಮಷಿನ್ನಿನ ಪಾದ ನೋಡಿ
ಸುಮ್ನ ನಿಂತಳು. ಆಮ್ಯಾಲ
ನನ್ನ ಕಾಲು ಹಿಡದು ಅದರ ಮ್ಯಾಲ ಇಟ್ಟಳು.
ದಾರಿಲ್ಲ, ಅರಿವಿಲ್ಲ, ಖಾಲಿ ಗಾಲಿ.
ಹಿಂದ, ಮುಂದ.
ಒಳಗಿನ ಲೋಹ ಕಬ್ಬಿಣದ ಕೂಡ ಏನೋ ಮಾತಾಡಿತು.

ಇವತ್ತು ನಿಂತು ಕನ್ನಡ್ಯಾಗ ನೋಡಿಕೊಂಡೆ,
ಸೀರಿ ಉಡೂಕಿಂತ ಮೊದಲು, ಪರಕಾರದ ಮ್ಯಾಲೆ.
ಎಡಗಡೆ ಅಂಚು ಮ್ಯಾಲಕ್ಕ ಎದ್ದದ, ಒಂದು ಬೆರಳು.
ಹಿಂಗ ಸೊಟ್ಟ ಹೊಲದಾವರ್ಯಾರು ಅಂತ ಸಿಟ್ಟು ಬಂತು.
ಆಮ್ಯಾಲ ನೆನಪಾತು.

ಹನ್ನೆರಡು ವರ್ಷದ ಹಿಂದ
ಕಾಲು ಬಿಲ್ಲಾಗಲಿಕ್ಕೆ ಹತ್ತಿದಾಗ
ಎಡಗಡೆ ಅಂಚು ನೆಲಾ ಬಳೀತಿತ್ತು.
ಯಾರಿಗೂ ಹೇಳಲಾರದ, ಬಾಗಲಾ ಮುಂದ ಮಾಡಿ,
ಒಂದೊಂದಽ ಪರಕಾರಕ್ಕ ಬೆರಳಗಲ ಮಡಿಕಿ ಹಾಕಿದ್ದೆ.
ಊರ ಮಂದಿ ಅಳತಿ ಎಲ್ಲಾ ಬಾಯಾಗಿದ್ದ ಭೌರವ್ವನ
ಈ ಒಂದು ಅಳತಿ ಯಾವ ವಹ್ಯಾಗೂ ಇರಲಿಲ್ಲ.
ಈಗ ಕಾಲು ನೆಟ್ಟಗಾತು, ಪರಕಾರ ಸೊಟ್ಟಾತು.

ಪೆಟಿಗ್ಯಾಗ ಒಂಬತ್ತು ಅವ.
ಎಲ್ಲಾ ಕಾಟಿನ ಮ್ಯಾಲ ಹರವಿಕೊಂಡು ಕುಂತೀನಿ,
ಬ್ಲೇಡಿನ ತುದೀಲೆ ಟಾಕಾ ಬಿಚ್ಚತೀನಿ.
ನೀಲಿದು ಮೊದಲು.
ಒಗದು ಒಗದು ಬೂದಿ ಬಣ್ಣಕ್ಕ ಬಂದ ಪರಕಾರ;
ಮಡಿಕಿ ಬಿಚ್ಚಿದಲ್ಲಿ
ಅಂಗಡಿಯಿಂದ ತಂದ ದಿನದ ನೀಲಿ,
ಒಂದು ಬೆರಳಗಲ.

ಬಣ್ಣದಾಗ ಅದ್ದೂಣೇನ್ರಿ, ಪೂರಾ ಒಂದಽ ಆಗತದ,
ಅಂತ ಕೇಳತಾಳ ಗುಲ್ಶಾದ.
ಬ್ಯಾಡ ಅಂದೆ.
ಸೀರಿ ಒಳಗ ಯಾರು ನೋಡತಾರ?
ಇಸ್ತ್ರಿ ಕಾಸು.